ಪಿಕಪ್‌ನ ಎಂಜಿನ್ ಆಯಿಲ್: ಕಿಲೋಮೀಟರ್ ಜೊತೆಗೆ ಗಂಟೆಯನ್ನೂ ಎಣಿಸಿ

ಪ್ರಶ್ನೆ: ನಮ್ಮದು ಜೇವರ್ಗಿ ಹತ್ತಿರದ ಹಳ್ಳಿ. 2018ರ ಬಿಎಸ್-4 (ಹೊಗೆ ಮಿತಿಯ ‘ಭಾರತ್ ಸ್ಟೇಜ್’ ನಿಯಮದ ನಾಲ್ಕನೆಯ ಹಂತ) ಡೀಸೆಲ್ ಪಿಕಪ್ ಇದೆ. ಮೀಟರ್ 1,38,400 ಕಿ.ಮೀ. ತೋರಿಸುತ್ತಿದೆ. ತೊಗರಿ ರಾಶಿಯ ಕಾಲದಲ್ಲಿ ಕಲಬುರಗಿ ಗಂಜಿಗೆ (ಕೃಷಿ ಮಾರುಕಟ್ಟೆಗೆ) ಚೀಲ ಸಾಗಿಸುತ್ತೇನೆ, ಬೇಸಿಗೆಯಲ್ಲಿ ಶಹಾಬಾದ್ ಕಡೆಯಿಂದ ಪರಸಿ ಕಲ್ಲು, ಉಳಿದ ದಿನಗಳಲ್ಲಿ ಹೈದರಾಬಾದಿಗೆ ತರಕಾರಿ. ಎಂಜಿನ್ ಆಯಿಲ್ ಅನ್ನು ಶೋರೂಮಿನವರು 10 ಸಾವಿರಕ್ಕೊಮ್ಮೆ ಬದಲಿಸಿ ಎನ್ನುತ್ತಾರೆ, ನಮ್ಮ ಮಿಸ್ತ್ರಿ 5 ಸಾವಿರ ಎನ್ನುತ್ತಾನೆ. ಕಾಕಾ ಮಾತ್ರ ‘ಎಣ್ಣೆ ಕಪ್ಪಾಗಿದೆ, ಇವತ್ತೇ ಬದಲಿಸು’ ಎಂದು ವಾರಕ್ಕೊಮ್ಮೆ ಬೈಯುತ್ತಾರೆ. ಕಳೆದ ಸಲ ಬದಲಿಸಿದ್ದು ಗಣೇಶ ಹಬ್ಬ ಮುಗಿದ ಮೇಲೆ, 1,31,000ಕ್ಕೆ. ಅಲ್ಲಿಂದ ಇಲ್ಲಿಯವರೆಗೆ ಬರೀ ಹೈದರಾಬಾದ್ ಬಾಡಿಗೆ. ನಮ್ಮ ಬಿಸಿಲಿಗೆ ದಪ್ಪ ಎಣ್ಣೆ ಹಾಕಬೇಕೇ? ಯಾರ ಮಾತು ಕೇಳಲಿ?

ಉತ್ತರ: ಮೂವರಲ್ಲಿ ಇಬ್ಬರು ಸರಿ, ನಿಮ್ಮ ಕಾಕಾ ಮಾತ್ರ ತಪ್ಪು. ಹಾಗೆಂದು ಅವರ ಮುಂದೆ ಹೇಳಬೇಡಿ. ವಾರಕ್ಕೊಮ್ಮೆ ಬಾನೆಟ್ ಎತ್ತಿ ಗೇಜ್ ಕಡ್ಡಿ ಎಳೆದು ನೋಡುವವರು ನಮ್ಮ ಕಡೆ ಬೆರಳೆಣಿಕೆಯಷ್ಟು. ಆ ಅಭ್ಯಾಸ ಉಳಿಯಲಿ. ಕಡ್ಡಿಯಲ್ಲಿ ಅವರು ನೋಡಬೇಕಾದದ್ದು ಬಣ್ಣವನ್ನಲ್ಲ, ಮಟ್ಟವನ್ನು.

ಡೀಸೆಲ್ ಎಂಜಿನ್ನಿನ ಆಯಿಲ್ ಕಪ್ಪಾಗಲೇಬೇಕು. ಡೀಸೆಲ್ ಉರಿದಾಗ ಹುಟ್ಟುವ ಮಸಿಯಲ್ಲಿ ಒಂದು ಪಾಲು ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಗಿಳಿದು, ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ಚೇಂಬರಿಗೆ ಸೇರುತ್ತದೆ. ಆ ಮಸಿ ಗಂಟುಕಟ್ಟಿ ಎಲ್ಲೆಂದರಲ್ಲಿ ಅಂಟಿಕೊಳ್ಳದ ಹಾಗೆ ಅದನ್ನು ಬಿಡಿಬಿಡಿಯಾಗಿ ತೇಲಿಸಿ ಇಟ್ಟುಕೊಳ್ಳುವ ರಾಸಾಯನಿಕಗಳು ಆಯಿಲ್‌ನಲ್ಲಿಯೇ ಇರುತ್ತವೆ. ಹೊಸ ಆಯಿಲ್ ಹಾಕಿ ಹೈದರಾಬಾದಿಗೆ ಒಂದು ಸಲ ಹೋಗಿ ಬಂದರೆ ಸಾಕು, ಕಡ್ಡಿ ಒರೆಸಿದ ಬಟ್ಟೆ ಕಪ್ಪಾಗುತ್ತದೆ. ಆಗ ಆಯಿಲ್ ಕೆಟ್ಟಿತು ಎನ್ನುವುದು, ಬಟ್ಟೆ ಒಗೆದ ನೀರು ಕೊಳೆಯಾಯಿತೆಂದು ಸಾಬೂನನ್ನು ಬೈದಂತೆ.

ಇನ್ನು ಶೋರೂಮಿನ 10 ಸಾವಿರ ಮತ್ತು ಮಿಸ್ತ್ರಿಯ 5 ಸಾವಿರ. ಇವರಿಬ್ಬರೂ ಹೇಗೆ ಸರಿ ಎಂಬುದಕ್ಕೆ ನಿಮ್ಮ ಊರಿನ ಯಾವುದಾದರೂ ಟ್ರ್ಯಾಕ್ಟರನ್ನು ನೋಡಿ. ಟ್ರ್ಯಾಕ್ಟರಿನ ಆಯಿಲ್ ಬದಲಿಸುವಾಗ ಎಷ್ಟು ಕಿಲೋಮೀಟರ್ ಓಡಿದೆ ಎಂದು ಯಾರೂ ಕೇಳುವುದಿಲ್ಲ, ಗಂಟೆ ಮೀಟರ್ ನೋಡುತ್ತಾರೆ. ಸಾಮಾನ್ಯವಾಗಿ 250 ಗಂಟೆಗೊಮ್ಮೆ ಆಯಿಲ್ ಇಳಿಸುವ ರೂಢಿ. ಬೆಳಗಿನಿಂದ ಸಂಜೆಯವರೆಗೆ ನೇಗಿಲು ಹೊಡೆದರೂ ಟ್ರ್ಯಾಕ್ಟರ್ ಹೊಲದ ಬದು ದಾಟಿರುವುದಿಲ್ಲ. ಎಂಜಿನ್ ಮಾತ್ರ ದಿನವಿಡೀ ದುಡಿದಿರುತ್ತದೆ. ನಿಮ್ಮ ಪಿಕಪ್‌ನ ಬಾನೆಟ್ ಒಳಗಿರುವುದೂ ಅದೇ ಜಾತಿಯ ಡೀಸೆಲ್ ಎಂಜಿನ್. ಕಿಲೋಮೀಟರ್ ಚಕ್ರದ ಲೆಕ್ಕ, ಗಂಟೆ ಎಂಜಿನ್ನಿನ ಲೆಕ್ಕ. ಒಂದೇ ಥರದ ರಸ್ತೆಯಲ್ಲಿ ಓಡುವವನಿಗೆ ಎರಡೂ ಒಂದೇ. ನಿಮ್ಮ ಹಾಗೆ ಮೂರು ಥರದ ಬಾಡಿಗೆ ಹೊಡೆಯುವವರಿಗೆ ಹಾಗಲ್ಲ.

ನಿಮ್ಮದೇ ಎರಡು ಬಾಡಿಗೆ ತೆಗೆದುಕೊಳ್ಳೋಣ. ಹೈದರಾಬಾದಿಗೆ ಹೋಗಿ ಬರಲು ಸುಮಾರು 500 ಕಿ.ಮೀ., ನಡುವೆ ಊಟ-ಚಹಾಕ್ಕೆ ನಿಂತದ್ದು ಬಿಟ್ಟು ಎಂಜಿನ್ ಓಡಿದ್ದು ಹನ್ನೊಂದು ಗಂಟೆ ಎನ್ನಿ. ಗಂಟೆಗೆ 45 ಕಿ.ಮೀ. ಬಿತ್ತು. ಈಗ ಜನವರಿಯ ಒಂದು ದಿನ ಗಂಜಿಗೆ ಹೋಗಿ. ಜೇವರ್ಗಿಯಿಂದ ಕಲಬುರಗಿ 40 ಕಿ.ಮೀ., ಹೋಗಿಬರಲು 80, ರಸ್ತೆಯಲ್ಲಿ ಎರಡು ಗಂಟೆ. ಗಂಜಿನ ಬಾಗಿಲಿನಿಂದ ಅಡತಿ ಅಂಗಡಿಯ ಕಟ್ಟೆಯವರೆಗೆ ಸಾಲು. ಮುಂದಿನ ಗಾಡಿ ಎರಡು ಮಾರು ಸರಿದರೆ ನೀವೂ ಸರಿಯಬೇಕು, ಇಲ್ಲವಾದರೆ ಪಕ್ಕದವನು ಮೂತಿ ತೂರಿಸುತ್ತಾನೆ. ಬ್ಯಾಟರಿ ಹಳೆಯದಾಗಿದ್ದರೆ ಮತ್ತೆ ಸ್ಟಾರ್ಟ್ ಆಗುತ್ತದೋ ಇಲ್ಲವೋ ಎಂಬ ಅಂಜಿಕೆಗೆ ಎಂಜಿನ್ ಬಂದ್ ಮಾಡುವವರೇ ಇಲ್ಲ. ಹಮಾಲರು ಕೈಹಚ್ಚುವ ಹೊತ್ತಿಗೆ ಮೂರು ಗಂಟೆ. ಒಟ್ಟು ಐದು ಗಂಟೆಗೆ 80 ಕಿ.ಮೀ., ಅಂದರೆ ಗಂಟೆಗೆ 16.

ಒಂದು ಆಯಿಲ್‌ಗೆ 225 ಗಂಟೆಯ ಆಯುಷ್ಯ ಎಂದು ಇಟ್ಟುಕೊಂಡರೆ ಹೈದರಾಬಾದ್ ರಸ್ತೆಯಲ್ಲಿ ಅದು 10 ಸಾವಿರ ಕಿ.ಮೀ. ಬಾಳುತ್ತದೆ. ಗಂಜಿನ ಸಾಲಿನಲ್ಲಿ 3,600ಕ್ಕೇ ಮುಗಿಯುತ್ತದೆ. ಶೋರೂಮಿನವರು ಮೊದಲ ಗಾಡಿಯನ್ನು ನೋಡಿ ಮಾತನಾಡಿದರು, ಮಿಸ್ತ್ರಿ ಎರಡನೆಯದನ್ನು. ಎರಡೂ ಒಂದೇ ಗಾಡಿ ಎಂಬುದೇ ನಿಮ್ಮ ತೊಂದರೆ.

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ನಿಂತಲ್ಲೇ ಗುರುಗುಡುವ ಗಂಟೆ, ಟನ್ನುಗಟ್ಟಲೆ ಹೊತ್ತು ಏರು ಹತ್ತುವ ಗಂಟೆಯಷ್ಟು ಭಾರವಲ್ಲ. ಆದರೆ ಅದಕ್ಕೆ ಬೇರೆ ರೋಗವಿದೆ. ಐಡಲಿಂಗ್‌ನಲ್ಲಿ ಎಂಜಿನ್ ಸರಿಯಾಗಿ ಕಾಯುವುದಿಲ್ಲ, ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಉರಿಯದೆ ಉಳಿದದ್ದು ಸಿಲಿಂಡರ್ ಗೋಡೆಯ ಮೇಲೆ ಇಳಿದು ಆಯಿಲ್ ಅನ್ನು ತೆಳ್ಳಗೆ ಮಾಡುತ್ತದೆ. ಆದ್ದರಿಂದ ನಾನು ಲೆಕ್ಕವನ್ನು ಸಡಿಲಿಸುವುದು ಸ್ವಲ್ಪವೇ: ಗಂಜು ಮತ್ತು ಕಲ್ಲಿನ ತಿಂಗಳುಗಳಲ್ಲಿ 5 ಸಾವಿರ, ದೂರದ ಬಾಡಿಗೆಯ ತಿಂಗಳುಗಳಲ್ಲಿ 9ರಿಂದ 10 ಸಾವಿರ. ಎರಡೂ ಬೆರೆತಿದ್ದರೆ ಗಂಟೆ ಎಣಿಸಿ. ಗಾಡಿಯಲ್ಲಿ ಗಂಟೆ ಮೀಟರ್ ಇಲ್ಲದಿದ್ದರೆ ಚಿಂತೆಯಿಲ್ಲ. ಬಾಡಿಗೆ ಬರೆದಿಡುವ ಪುಸ್ತಕದಲ್ಲಿಯೇ ಪಕ್ಕಕ್ಕೆ ಇನ್ನೊಂದು ಗೆರೆ ಎಳೆದು, ದಿನಕ್ಕೆ ಎಂಜಿನ್ ಎಷ್ಟು ಗಂಟೆ ಓಡಿತು ಎಂದು ಅಂದಾಜು ಬರೆಯಿರಿ. ಅರ್ಧ ಗಂಟೆ ಹೆಚ್ಚುಕಡಿಮೆ ಆದರೆ ಏನೂ ಕೆಡುವುದಿಲ್ಲ. ಗಾಡಿ ನಿಂತೇ ಇದ್ದರೂ ವರ್ಷಕ್ಕೊಮ್ಮೆ ಆಯಿಲ್ ಬದಲಾಗಲೇಬೇಕು. ಗಾಡಿ ಇನ್ನೂ ವಾರಂಟಿಯಲ್ಲಿರುವವರು ನನ್ನ ಲೆಕ್ಕವನ್ನು ಬಿಟ್ಟು ಕೈಪಿಡಿಯ ಗಡುವನ್ನೇ ಪಾಲಿಸಲಿ. ಗಡುವಿಗೆ ಮೊದಲೇ ಬದಲಿಸಿದರೆ ತಕರಾರಿಲ್ಲ, ದಾಟಿದರೆ ವಾರಂಟಿ ಕೇಳಲು ಹೋದಾಗ ತೊಂದರೆ.

ಮಿಸ್ತ್ರಿಗಳ ಬಾಯಲ್ಲಿ 5 ಸಾವಿರ ಎಂಬುದು ಅಷ್ಟು ಗಟ್ಟಿಯಾಗಿ ಕೂತಿರುವುದಕ್ಕೆ ಇನ್ನೊಂದು ಕಾರಣವಿದೆ. ಡೀಸೆಲ್‌ನಲ್ಲಿರುವ ಗಂಧಕ ಉರಿದು ಆಮ್ಲವಾಗಿ ಆಯಿಲ್‌ಗೆ ಸೇರುತ್ತದೆ, ಆಯಿಲ್‌ನ ಕ್ಷಾರಗುಣ ಆ ಆಮ್ಲವನ್ನು ಕೊಲ್ಲುತ್ತ ಕೊಲ್ಲುತ್ತ ತಾನೇ ಸವೆಯುತ್ತದೆ. ಬಿಎಸ್-3 ಕಾಲದ ಡೀಸೆಲ್‌ನಲ್ಲಿ ಹತ್ತು ಲಕ್ಷಕ್ಕೆ 350 ಪಾಲು ಗಂಧಕಕ್ಕೆ ಅವಕಾಶವಿತ್ತು. ಬಿಎಸ್-4ರಲ್ಲಿ ಅದು 50ಕ್ಕೆ ಇಳಿಯಿತು. 2020ರ ಏಪ್ರಿಲ್‌ನಿಂದ ದೇಶದ ಎಲ್ಲ ಬಂಕುಗಳಲ್ಲೂ ಸಿಗುವುದು 10 ಪಾಲಿನ ಡೀಸೆಲ್. ನಿಮ್ಮ ಮಿಸ್ತ್ರಿಗೆ ಕೆಲಸ ಕಲಿಸಿದ ಉಸ್ತಾದರ ಕಾಲಕ್ಕೆ ಆ 5 ಸಾವಿರ ಅನುಭವದ ಮಾತು. ಇಂದು ಅದನ್ನು ಗಂಜಿಗೂ ಗಣಿಗೂ ಉಳಿಸಿಕೊಂಡರೆ ಸಾಕು, ಹೆದ್ದಾರಿಗೆ ಬೇಕಿಲ್ಲ.

ಗಣಿಯ ಮಾತು ಬಂತು. ನಿಜ ಹೇಳಬೇಕೆಂದರೆ ನೀವು ಕೇಳದೇ ಬಿಟ್ಟ ಪ್ರಶ್ನೆಯೇ ದೊಡ್ಡದು: ಧೂಳು. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಬೇಸಿಗೆಯಲ್ಲಿ ಓಡಿದ ಗಾಡಿಗಳನ್ನು ಬಿಚ್ಚಿದಾಗ ನಾನು ಮೊದಲು ಕೈಹಾಕುವುದು ಆಯಿಲ್‌ಗೆ ಅಲ್ಲ, ಏರ್ ಫಿಲ್ಟರ್ ದಾಟಿದ ಮೇಲಿನ ರಬ್ಬರ್ ಪೈಪಿನೊಳಕ್ಕೆ. ನೀವೂ ಹಾಗೆ ಮಾಡಿ. ಎಂಜಿನ್ ಬಂದ್ ಇದ್ದಾಗ ಫಿಲ್ಟರ್ ಡಬ್ಬಿಯಿಂದ ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಭಾಗ) ಕಡೆಗೆ ಹೋಗುವ ಪೈಪಿನ ಕ್ಲಿಪ್ ಸಡಿಲಿಸಿ, ಪೈಪಿನ ಒಳಗೋಡೆಯ ಮೇಲೆ ಬೆರಳಾಡಿಸಿ. ಬೆರಳಿಗೆ ತೆಳುವಾಗಿ ಎಣ್ಣೆಯ ಪಸೆ ಹತ್ತಬಹುದು, ಅದು ಪರವಾಗಿಲ್ಲ. ಹಿಟ್ಟಿನಂತಹ ಬೂದಿಬಣ್ಣದ ಧೂಳು ಹತ್ತಿದರೆ ಫಿಲ್ಟರ್ ಹರಿದಿದೆ, ಇಲ್ಲವೇ ಕ್ಲಿಪ್ಪು ಸಡಿಲವಾಗಿದೆ. ಆಗ ಆಯಿಲ್ ಅನ್ನು ತಿಂಗಳಿಗೊಮ್ಮೆ ಬದಲಿಸಿದರೂ ಎಂಜಿನ್ ಉಳಿಯುವುದಿಲ್ಲ. ನಿಮ್ಮ ಪರಸಿ ಕಲ್ಲು ಸುಣ್ಣಕಲ್ಲಿನ ಜಾತಿ, ಅದರ ಪುಡಿ ಮೆತ್ತಗಿನದು, ಉಕ್ಕನ್ನು ಗೀರುವಷ್ಟು ಗಟ್ಟಿಯಲ್ಲ. ಅದರ ಜೊತೆ ಕಚ್ಚಾ ರಸ್ತೆಯಿಂದ ಏಳುವ ಮರಳಿನ ಕಣವಿದೆಯಲ್ಲ, ಅದು ಉಕ್ಕಿಗಿಂತ ಗಟ್ಟಿ. ಆಯಿಲ್‌ನಲ್ಲಿ ಬೆರೆತರೆ ಸಿಲಿಂಡರಿನ ಒಳಗೋಡೆಯನ್ನು ಮರಳು ಕಾಗದದಂತೆ ಉಜ್ಜುತ್ತದೆ.

ಕಲ್ಲಿನ ಬಾಡಿಗೆ ನಡೆಯುವಾಗ ವಾರಕ್ಕೊಮ್ಮೆ ಫಿಲ್ಟರ್ ತೆಗೆದು ನೋಡಿ. ಗಾಳಿ ಹೊಡೆಯುವುದಾದರೆ ಒಳಗಿನಿಂದ ಹೊರಕ್ಕೆ, ನಳಿಕೆಯನ್ನು ದೂರ ಹಿಡಿದು, ಒತ್ತಡ ಕಡಿಮೆ ಇಟ್ಟು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯನ್ನು ಹತ್ತಿರದಿಂದ ಬಿಟ್ಟರೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತದೆ. ಕಾಗದದ ಫಿಲ್ಟರನ್ನು ನೀರಿನಲ್ಲಿ ತೊಳೆದು ಬಿಸಿಲಿಗೆ ಒಣಹಾಕುವವರನ್ನೂ ಕಂಡಿದ್ದೇನೆ. ಹಾಗೆ ಒಣಗಿದ ಫಿಲ್ಟರ್ ಕಸದ ಬುಟ್ಟಿಗಷ್ಟೇ ಲಾಯಕ್ಕು. ಒಂದೆರಡು ಸಲ ಗಾಳಿ ಹೊಡೆದ ಮೇಲೆ ಹೊಸದು ಹಾಕಿ.

ಇನ್ನು ದಪ್ಪ ಎಣ್ಣೆ. ಕಲಬುರಗಿಯಲ್ಲಿ ಮೇ ತಿಂಗಳು 43-44 ಡಿಗ್ರಿ ಇರುವಾಗ 20ಡಬ್ಲ್ಯೂ-50 ಹಾಕಿಸಬೇಕು ಎಂದು ಅಂಗಡಿಯವರೇ ಹೇಳುತ್ತಾರೆ. ಹೊರಗಿನ ಬಿಸಿಲು ನಮಗೆ ದೊಡ್ಡದು, ಎಂಜಿನ್ನಿಗೆ ಅಷ್ಟಲ್ಲ. ರೇಡಿಯೇಟರ್ ಮತ್ತು ಥರ್ಮೋಸ್ಟಾಟ್ ಸರಿಯಿದ್ದರೆ ಜನವರಿಯಾಗಲಿ ಮೇ ಆಗಲಿ ಒಳಗಿನ ಆಯಿಲ್ ಹೆಚ್ಚುಕಡಿಮೆ 100 ಡಿಗ್ರಿಯ ಆಸುಪಾಸಿನಲ್ಲಿಯೇ ಓಡುತ್ತದೆ. 15ಡಬ್ಲ್ಯೂ-40 ಎಂಬುದರಲ್ಲಿ ಕೊನೆಯ 40 ಹೇಳುವುದು ಆ 100 ಡಿಗ್ರಿಯಲ್ಲಿ ಆಯಿಲ್ ಎಷ್ಟು ದಪ್ಪ ಇರುತ್ತದೆ ಎಂಬುದನ್ನು. ಮೊದಲಿನ 15 ಹೇಳುವುದು ಕೊರೆಯುವ ಚಳಿಯಲ್ಲಿ ಅದು ಹೇಗೆ ಹರಿಯುತ್ತದೆ ಎಂಬುದನ್ನು. ಅದರ ಪರೀಕ್ಷೆ ನಡೆಯುವುದು ಸೊನ್ನೆಗಿಂತ 20 ಡಿಗ್ರಿ ಕೆಳಗೆ. ಅಂಥ ಚಳಿ ಬೀದರಿನವರೂ ಕಂಡಿಲ್ಲ. ಕೈಪಿಡಿಯಲ್ಲಿ 15ಡಬ್ಲ್ಯೂ-40 ಎಂದಿದ್ದರೆ ಅದನ್ನೇ ಹಾಕಿ. ಬೇಕಿಲ್ಲದ ದಪ್ಪ ಎಣ್ಣೆ ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಟರ್ಬೊ ತುದಿಗೆ ತಲುಪಲು ತಡಮಾಡುತ್ತದೆ, ಡೀಸೆಲ್ಲೂ ತುಸು ಹೆಚ್ಚು ಕುಡಿಸುತ್ತದೆ. ಬೇಸಿಗೆಯಲ್ಲಿ ಎಂಜಿನ್ ಕಾಯುತ್ತದೆ ಎಂದರೆ ಆಯಿಲ್ ಅಂಗಡಿಗೆ ಹೋಗುವ ಮೊದಲು ರೇಡಿಯೇಟರ್ ಜಾಲರಿಯಲ್ಲಿ ಸಿಕ್ಕಿರುವ ತೊಗರಿ ಹೊಟ್ಟನ್ನು ತೆಗೆಸಿ.

ಡಬ್ಬಿಯ ಮೇಲೆ ದಪ್ಪಕ್ಕಿಂತ ಮುಖ್ಯವಾದ ಇನ್ನೊಂದು ಗುರುತಿದೆ, ಯಾರೂ ಓದುವುದಿಲ್ಲ: ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಕೊಡುವ ದರ್ಜೆ. ಅಗ್ಗದ ಡಬ್ಬಿಗಳ ಮೇಲೆ ಸಿಎಫ್-4 ಎಂದಿರುತ್ತದೆ. ಅದು 1990ರ ಕಾಲದ ದರ್ಜೆ. ನಿಮ್ಮ ಬಿಎಸ್-4 ಎಂಜಿನ್ನಿಗೆ ಸಿಐ-4 ಪ್ಲಸ್ ಹುಡುಕಿ. ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೇ ತಿರುಗಿಸುವ ಇಜಿಆರ್ ಇರುವ ಎಂಜಿನ್ನುಗಳಲ್ಲಿ ಮಸಿ ಹೆಚ್ಚು, ಅದನ್ನು ತಾಳಿಕೊಳ್ಳಲೆಂದೇ ಆ ದರ್ಜೆ ಬಂದದ್ದು. ಇದೇ ಉತ್ತರವನ್ನು ಓದುವ ಬಿಎಸ್-6 ಗಾಡಿಯವರಿಗೆ ಒಂದು ಎಚ್ಚರಿಕೆ: ಸೈಲೆನ್ಸರ್ ಕಡೆ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇದ್ದರೆ ಕಡಿಮೆ ಬೂದಿಯ ಆಯಿಲ್ ಬೇಕು, ಕೈಪಿಡಿ ಯಾವುದನ್ನು ಹೇಳಿದೆಯೋ ಅದೇ. ಸಿಐ-4 ಪ್ಲಸ್ ಅಲ್ಲಿ ಸಲ್ಲದು. ಅದರ ಬೂದಿ ಡಿಪಿಎಫ್‌ನಲ್ಲಿ ಕೂತರೆ ಸುಟ್ಟು ಹೋಗುವುದಿಲ್ಲ, ಹೊಸ ಡಿಪಿಎಫ್ ಬೆಲೆ ಕೇಳಿದರೆ ನಿದ್ದೆ ಬರುವುದಿಲ್ಲ.

‘ನಾನು ಬದಲಿಸುವುದೇ ಇಲ್ಲ, ಕಡಿಮೆಯಾದಷ್ಟು ಹಾಕುತ್ತ ಬಂದಿದ್ದೇನೆ, ಹೊಸದು ಸೇರುತ್ತಲೇ ಇದೆಯಲ್ಲ’ ಎನ್ನುವವರೂ ಇದ್ದಾರೆ. ಎರಡು ವರ್ಷದ ಹಿಂದೆ ಅಂಥ ಒಂದು ಪಿಕಪ್ ನನ್ನ ಬಳಿ ಬಂತು. ಆಯಿಲ್ ದೀಪ ಮಿಣಮಿಣ ಎನ್ನುತ್ತಿದೆ, ಸೆನ್ಸರ್ ಬದಲಿಸಿ ಕೊಡಿ ಎಂದ ಮಾಲೀಕ. ಡ್ರೇನ್ ಬೋಲ್ಟ್ ಬಿಚ್ಚಿದೆ. ಮೊದಲು ಏನೂ ಬರಲಿಲ್ಲ. ತಂತಿ ಹಾಕಿ ತಿವಿದ ಮೇಲೆ ಕಾಕಂಬಿಯ ಹಾಗೆ ನಿಧಾನಕ್ಕೆ ಇಳಿಯಿತು. ಚೇಂಬರ್ ಇಳಿಸಿ ನೋಡಿದರೆ ತಳದಲ್ಲಿ ಎರಡು ಬೆರಳು ದಪ್ಪದ ಕರಿ ಕೆಸರು, ಆಯಿಲ್ ಪಂಪಿನ ಜಾಲರಿಯಲ್ಲಿ ರೂಪಾಯಿ ಅಗಲದಷ್ಟು ಮಾತ್ರ ಬಾಯಿ ತೆರೆದಿತ್ತು. ಕ್ರ್ಯಾಂಕಿನ ಬೇರಿಂಗ್ ಕೈಯಲ್ಲಿ ಹಿಡಿದರೆ ಮೇಲಿನ ಬೂದಿಬಣ್ಣದ ಪದರ ಸವೆದು ಕೆಳಗಿನ ತಾಮ್ರ ಹೊಳೆಯುತ್ತಿತ್ತು. ಮಾಲೀಕ ಅದನ್ನು ನೋಡಿ ‘ಚೆನ್ನಾಗಿ ಪಾಲಿಶ್ ಆಗಿದೆಯಲ್ಲ’ ಎಂದ. ಬಿಲ್ಲು ಬರೆಯುವಾಗ ನನಗೇ ಸಂಕಟವಾಯಿತು. ಮೇಲಿಂದ ಹಾಕಿದ ಹೊಸ ಆಯಿಲ್ ಹಳೆಯದನ್ನು ಹೊಸದು ಮಾಡುವುದಿಲ್ಲ, ಕೆಸರಿನ ಮೇಲೆ ತೇಲುತ್ತದೆ ಅಷ್ಟೇ.

ಆಯಿಲ್ ಫಿಲ್ಟರ್ ಬಗ್ಗೆಯೂ ಇದೇ. ‘ಈ ಸಲ ಆಯಿಲ್ ಸಾಕು, ಫಿಲ್ಟರ್ ಮುಂದಿನ ಸಲ’ ಎನ್ನಬೇಡಿ. ಫಿಲ್ಟರ್ ಕಟ್ಟಿಕೊಂಡರೆ ಅದರ ಬೈಪಾಸ್ ವಾಲ್ವ್ ತೆರೆದು ಸೋಸದ ಆಯಿಲ್ ನೇರವಾಗಿ ಬೇರಿಂಗಿಗೆ ಹೋಗುತ್ತದೆ, ನಿಮಗೆ ಯಾವ ದೀಪವೂ ಹೇಳುವುದಿಲ್ಲ. ಆಯಿಲ್ ಇಳಿಸುವಾಗ ಎಂಜಿನ್ ಬಿಸಿಯಾಗಿರಲಿ, ಸಮತಟ್ಟಾದ ಜಾಗವಿರಲಿ, ಕಾಲು ಗಂಟೆ ಸೋರಲು ಬಿಡಿ. ಡ್ರೇನ್ ಬೋಲ್ಟಿನ ವಾಷರ್ ಹೊಸದು ಹಾಕಿಸಿ, ಹಳೆಯದಕ್ಕೇ ಜೋರಾಗಿ ಬಿಗಿದು ಚೇಂಬರಿನ ಆಟೆ (ತಿರುಪಿನ ಗೆರೆ) ಕಳೆದವರು ಬಹಳ. ಕೈಪಿಡಿ ಹೇಳಿದ್ದಕ್ಕಿಂತ ಅರ್ಧ ಲೀಟರ್ ಕಡಿಮೆ ಸುರಿದು, ಒಂದು ನಿಮಿಷ ಓಡಿಸಿ, ಬಂದ್ ಮಾಡಿ, ಐದು ನಿಮಿಷ ಬಿಟ್ಟು ಕಡ್ಡಿ ನೋಡಿ, ಆಮೇಲೆ ಉಳಿದದ್ದು. ಮೇಲಿನ ಗೆರೆ ದಾಟಿಸಬೇಡಿ. ಹೆಚ್ಚಾದ ಆಯಿಲ್‌ನಲ್ಲಿ ಕ್ರ್ಯಾಂಕ್ ಬಡಿದು ನೊರೆ ಏಳುತ್ತದೆ.

ಕಾಕಾ ಅವರಿಗೆ ಒಂದು ಕೆಲಸ ಕೊಡೋಣ. ಬಣ್ಣ ನೋಡಿ ಹೇಳಲಾಗದು ಎಂದೆನಲ್ಲ, ಕಾಗದದ ಮೇಲೆ ನೋಡಿದರೆ ಸ್ವಲ್ಪ ತಿಳಿಯುತ್ತದೆ. ಶಾಲೆಯ ಪ್ರಯೋಗಾಲಯದಲ್ಲಿ ಬಳಸುವ ಫಿಲ್ಟರ್ ಪೇಪರ್ ಒಂದು ಹಾಳೆ ತನ್ನಿ. ಲಗ್ನಪತ್ರಿಕೆಯ ನುಣ್ಣನೆಯ ಕಾಗದ ಹೀರುವುದಿಲ್ಲ, ಬೇಡ. ಬಿಸಿ ಎಂಜಿನ್ನಿನಿಂದ ಕಡ್ಡಿ ಎಳೆದು ಒಂದು ಹನಿ ಬೀಳಿಸಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಕಪ್ಪು ನಡುವಿನಿಂದ ಅಂಚಿನ ಕಡೆಗೆ ಮೆಲ್ಲಗೆ ತಿಳಿಯಾಗುತ್ತ ಹರಡಿದ್ದರೆ ಆಯಿಲ್ ಇನ್ನೂ ಮಸಿಯನ್ನು ಹೊತ್ತುಕೊಂಡಿದೆ. ನಡುವೆ ಇದ್ದಿಲಿನಂಥ ಗಟ್ಟಿ ಬೊಟ್ಟು, ಅದಕ್ಕೆ ಕತ್ತರಿಸಿದಂಥ ಅಂಚು, ಸುತ್ತ ಬರೀ ಎಣ್ಣೆಯ ಕಲೆ ಇದ್ದರೆ ಮಸಿ ಗಂಟುಕಟ್ಟಲು ಶುರುವಾಗಿದೆ, ಬದಲಿಸಿ. ಇದು ಪ್ರಯೋಗಾಲಯದ ವರದಿಗೆ ಸಮವಲ್ಲ, ಆದರೂ ಬೆರಳಲ್ಲಿ ಉಜ್ಜಿ ಮೂಸುವುದಕ್ಕಿಂತ ಎಷ್ಟೋ ಮೇಲು.

ಕಡ್ಡಿಯಲ್ಲಿ ಎರಡು ಸಂಗತಿ ಕಂಡರೆ ಮಾತ್ರ ಕಾಕಾ ಹೇಳಿದಂತೆ ಅದೇ ದಿನ ಗಾಡಿ ನಿಲ್ಲಿಸಿ. ಒಂದು, ಯಾರೂ ಹಾಕದೆಯೇ ಮಟ್ಟ ಮೇಲೇರಿದ್ದರೆ ಡೀಸೆಲ್ ಅಥವಾ ರೇಡಿಯೇಟರ್ ನೀರು ಒಳಗೆ ಸೇರುತ್ತಿದೆ. ಇನ್ನೊಂದು, ಆಯಿಲ್ ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದ್ದು ಖಚಿತ, ಹೆಡ್ ಗ್ಯಾಸ್ಕೆಟ್ ಅಥವಾ ಆಯಿಲ್ ಕೂಲರ್ ನೋಡಿಸಬೇಕು. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ಬಂದಾಗ ನೀರಲ್ಲಿ ನಿಂತಿದ್ದ ಗಾಡಿಗಳನ್ನು ಕೆಲವರು ನೀರಿಳಿದ ಕೂಡಲೇ ಸೆಲ್ಫ್ ಹೊಡೆದು ಕನೆಕ್ಟಿಂಗ್ ರಾಡ್ ಬಗ್ಗಿಸಿಕೊಂಡರು. ನೀವು ಹೊಳೆದಂಡೆಯ ಕಡೆಯವರಾದ್ದರಿಂದ ಹೇಳಿಟ್ಟಿರುತ್ತೇನೆ: ಮುಳುಗಿದ ಗಾಡಿಯ ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಹೌಸಿಂಗ್ ಮೂರರ ಆಯಿಲ್ ಇಳಿಸಿ, ಸಿಲಿಂಡರಿಗೆ ನುಗ್ಗಿದ ನೀರು ತೆಗೆಸುವ ತನಕ ಕೀಲಿ ಮುಟ್ಟಬೇಡಿ.

ಖರ್ಚು ಎಷ್ಟು ಎಂಬ ಅಳುಕಿದ್ದರೆ ಲೆಕ್ಕ ಹಾಕಿ. ಆಯಿಲ್, ಫಿಲ್ಟರ್, ಕೂಲಿ ಎಲ್ಲ ಸೇರಿ ಮೂರೂವರೆ ಸಾವಿರ ರೂಪಾಯಿ ಎಂದುಕೊಂಡರೂ 5 ಸಾವಿರ ಕಿ.ಮೀ.ಗೆ ಹಂಚಿದರೆ ಕಿಲೋಮೀಟರಿಗೆ 70 ಪೈಸೆ. ಡೀಸೆಲ್‌ಗೆ ಅದರ ಹತ್ತು ಪಟ್ಟು ಸುಡುತ್ತಿದ್ದೀರಿ. ಉಳಿತಾಯ ಬೇಕಿದ್ದರೆ ಗಂಜಿನ ಸಾಲಿನಲ್ಲಿ ಬಂದ್ ಮಾಡಲು ಧೈರ್ಯ ಬರುವಂಥ ಒಂದು ಒಳ್ಳೆಯ ಬ್ಯಾಟರಿ ಹಾಕಿಸಿ. ಡೀಸೆಲ್ಲೂ ಉಳಿಯುತ್ತದೆ, ಗಂಟೆಯೂ ಉಳಿಯುತ್ತದೆ. ಡ್ರಮ್ಮಿನಿಂದ ಅಳೆದು ಕೊಡುವ ಬಿಡಿ ಆಯಿಲ್ ಬೇಡ, ಸೀಲ್ ಇರುವ ಡಬ್ಬಿ ನಿಮ್ಮ ಕಣ್ಣೆದುರೇ ಒಡೆಯಲಿ, ಖಾಲಿಯಾದ ಡಬ್ಬಿಗೆ ತೂತು ಕೊರೆದು ಬಿಡಿ. ಅಖಂಡ ಡಬ್ಬಿಗೆ ಗುಜರಿಯಲ್ಲಿ ಒಳ್ಳೆಯ ಬೆಲೆ ಏಕೆ ಸಿಗುತ್ತದೆ ಎಂದು ಯೋಚಿಸಿದರೆ ಕಾರಣ ಹೊಳೆಯುತ್ತದೆ.

ಇಳಿಸಿದ ಹಳೆ ಆಯಿಲ್ ಅನ್ನು ಬಾಗಿಲಿಗೆ ಬಳಿಯಲು, ಎತ್ತಿನ ಹೆಗಲ ಹುಣ್ಣಿಗೆ ಹಚ್ಚಲು ಮನೆಗೆ ಒಯ್ಯುವ ರೂಢಿ ನಮ್ಮಲ್ಲಿದೆ. ಹಿರಿಯರ ಕಾಲದ ಕೀಲೆಣ್ಣೆ ಬೇರೆ, ಇದು ಬೇರೆ. ಓಡಿದ ಆಯಿಲ್‌ನಲ್ಲಿ ಕ್ಯಾನ್ಸರ್ ತರಬಲ್ಲ ವಸ್ತುಗಳೂ ಲೋಹದ ಪುಡಿಯೂ ಇರುತ್ತವೆ. ಚರಂಡಿಗಂತೂ ಸುರಿಯಲೇಬೇಡಿ. 2016ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಕ್ಯಾನಿನಲ್ಲಿ ಕೂಡಿಟ್ಟು, ಪರವಾನಗಿ ಇರುವ ಮರುಸಂಸ್ಕರಣೆಯವರಿಗೆ ಕಳಿಸುವ ವರ್ಕ್‌ಶಾಪಿಗೆ ಕೊಡಿ.

ಈಗ ನಿಮ್ಮ ಗಾಡಿಗೆ ಬರೋಣ. ಹಬ್ಬದಿಂದ ಈಚೆಗೆ 7,400 ಕಿ.ಮೀ., ಎಲ್ಲವೂ ಹೈದರಾಬಾದ್ ರಸ್ತೆ. ಗಂಟೆಗೆ 45ರಂತೆ ಸುಮಾರು 165 ಗಂಟೆ ಆಯಿತು. ನನ್ನ 225ರ ಲೆಕ್ಕದಲ್ಲಿ ಇನ್ನೂ 60 ಗಂಟೆ ಬಾಕಿ. ಹೈದರಾಬಾದಿಗೇ ಹೋಗುವುದಾದರೆ ಐದು ಬಾಡಿಗೆ ಮುಗಿಸಿ ಬದಲಿಸಬಹುದಿತ್ತು. ಆದರೆ ಡಿಸೆಂಬರ್ ಬಂದರೆ ರಾಶಿ ಶುರು. ಆ 60 ಗಂಟೆ ಗಂಜಿನ ಹನ್ನೆರಡು ಬಾಡಿಗೆಗೆ ಮುಗಿದು, ಸೀಸನ್ ನಡುವೆ, ಗಾಡಿ ಒಂದು ದಿನ ನಿಂತರೂ ಬಾಡಿಗೆ ಕೈತಪ್ಪುವ ಹೊತ್ತಿನಲ್ಲಿ ನಿಮ್ಮನ್ನು ಮಿಸ್ತ್ರಿಯ ಮುಂದೆ ನಿಲ್ಲಿಸುತ್ತದೆ. ಆದ್ದರಿಂದ ಮೊದಲ ಚೀಲ ಹೇರುವ ಮುನ್ನವೇ ಆಯಿಲ್, ಫಿಲ್ಟರ್ ಎರಡೂ ಬದಲಿಸಿ, ಏರ್ ಫಿಲ್ಟರ್ ಪೈಪಿಗೆ ಬೆರಳು ಹಾಕಿ ನೋಡಿ. ಮತ್ತೆ ಬದಲಿಸುವುದು ರಾಶಿ ಮುಗಿದು ಕಲ್ಲಿನ ಬಾಡಿಗೆಗೆ ಇಳಿಯುವ ಮೊದಲು, ಮೀಟರ್ ಏನೇ ತೋರಿಸುತ್ತಿರಲಿ.